ಉಕ್ಕಿಗೆ ಹಸಿರು ಅಂಕ ಸಿಕ್ಕ ಕಾಲ

ಯುಗಾದಿ ಊಟಕ್ಕೆ ನಮ್ಮ ನ್ಯೂಜಿಲೆಂಡಿನ ಕನ್ನಡ ಬಳಗದವರು ಸೇರಿದ್ದಾಗ, ರೊಟೊಟೂನ ಎಂಬಲ್ಲಿಂದ ಬಂದಿದ್ದ ಸ್ನೇಹಿತರ ಮಗಳು ಅನನ್ಯಾ ನನ್ನ ಪಕ್ಕಕ್ಕೆ ಬಂದು ಕೂತಳು. ಈಗಷ್ಟೇ ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗಿ. ಕಟ್ಟಡಕ್ಕೆ ಹಾಕುವ ಉಕ್ಕು, ಕಾಂಕ್ರೀಟು, ಮರಗಳಿಂದ ಪರಿಸರಕ್ಕೆ ಎಷ್ಟು ಹೊರೆಯಾಗುತ್ತದೆ ಎಂದು ಲೆಕ್ಕ ಹಾಕುವುದೇ ಅವಳ ಪೂರ್ತಿ ಉದ್ಯೋಗವಂತೆ. ನಿಮ್ಮ ಕಾಲದಲ್ಲಿ ಇದನ್ನೆಲ್ಲ ಯಾರು ನೋಡಿಕೊಳ್ಳುತ್ತಿದ್ದರು ಆಂಟಿ, ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನ್ನ ಬಾಯಲ್ಲಿ ಹೋಳಿಗೆ ಇತ್ತು. ಇಲ್ಲದಿದ್ದರೆ ನೈಜೆಲ್ ಎಂಬ ಹೆಸರು ಹೇಳಿ, ಹಬ್ಬದ ದಿನವೇ ಒಬ್ಬರನ್ನು ಆಡಿಕೊಂಡ ಹಾಗಾಗುತ್ತಿತ್ತು. ಅದು ಸಾವಕಾಶವಾಗಿ ಹೇಳಬೇಕಾದ ಉತ್ತರ. ಅವಳಿಗೂ ಅವಳಂಥ ಹೊಸಬರಿಗೂ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಹುಬ್ಬಳ್ಳಿಯಲ್ಲಿ ಓದಿದವಳು. ಸಕ್ಕರೆ ಕಾರ್ಖಾನೆಗಳಿಗೆ ಉಕ್ಕಿನ ಶೆಡ್ಡುಗಳನ್ನು ವಿನ್ಯಾಸ ಮಾಡುವ ಕಚೇರಿಯಲ್ಲಿ ಕೆಲಸ ಕಲಿತು, ಆಮೇಲೆ ಗಂಡನ ಜೊತೆ ನ್ಯೂಜಿಲೆಂಡಿಗೆ ಬಂದೆ. ನಮ್ಮವರಿಗೆ ಲೋವರ್ ಹಟ್‌ನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ನನಗೆ ಅದೇ ಊರಿನ ಒಂದು ಸಣ್ಣ ಎಂಜಿನಿಯರಿಂಗ್ ಕಂಪನಿಯಲ್ಲಿ. ಗಿರಿಜಾ ಎನ್ನಲು ನಾಲಿಗೆ ಹೊರಳದೆ ಅಲ್ಲಿ ನನ್ನನ್ನು ಜಿಜಿ ಮಾಡಿದರು. ಕುದುರೆಗೆ ಇಡುವ ಹೆಸರಿನ ಹಾಗಿದೆ ಎಂದು ಮೊದಲು ಬೇಜಾರಾಗಿತ್ತು. ಕೆಲವು ತಿಂಗಳು ದುಡಿದ ಮೇಲೆ ಹೊಂದುತ್ತದೆ ಅನಿಸಿತು.

ಮಾಲೀಕ ಗ್ರೇಮ್. ಈ ದೇಶದಲ್ಲಿ ಮಾಲೀಕರನ್ನೂ ಹೆಸರು ಹಿಡಿದೇ ಕರೆಯುವುದರಿಂದ ನಾನೂ ಏಕವಚನದಲ್ಲೇ ಬರೆಯುತ್ತೇನೆ. ಒಳ್ಳೆಯ ಮನುಷ್ಯ. ಚಳಿಗಾಲದಲ್ಲೂ ಚಡ್ಡಿ ಹಾಕಿಕೊಂಡು ಬರುತ್ತಿದ್ದ, ಗಿರಾಕಿಗಳು ಬರುವ ದಿನ ಮಾತ್ರ ಪ್ಯಾಂಟು. ಅವನ ದೊಡ್ಡ ತೊಂದರೆಯೆಂದರೆ, ಯಾವುದೇ ವಿಷಯದಲ್ಲಿ ಕೊನೆಗೆ ಮಾತಾಡಿದವರ ಅಭಿಪ್ರಾಯವೇ ಅವನ ಅಭಿಪ್ರಾಯವಾಗುತ್ತಿತ್ತು. ಇದು ಎಲ್ಲರಿಗೂ ಗೊತ್ತಿದ್ದುದರಿಂದ ಮೀಟಿಂಗಿನಲ್ಲಿ ಎಲ್ಲರೂ ಕೊನೆಗೆ ಮಾತಾಡಲು ಕಾಯುತ್ತಿದ್ದರು. ಹೀಗಾಗಿ ನಮ್ಮ ಮೀಟಿಂಗುಗಳು ಮುಗಿಯುತ್ತಲೇ ಇರಲಿಲ್ಲ.

ಎರಡು ಸಾವಿರದ ಆಚೀಚಿನ ಆ ವರ್ಷಗಳಲ್ಲಿ ಉಕ್ಕಿನ ಬಗ್ಗೆ ನಮ್ಮನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಭೂಕಂಪ ಆದರೆ ನಿಲ್ಲುತ್ತದೆಯೇ? ಆ ಉಕ್ಕು ಎಲ್ಲಿಂದ ಬಂತು, ಅದನ್ನು ಮಾಡಲು ಎಷ್ಟು ಕಲ್ಲಿದ್ದಲು ಉರಿಯಿತು, ಕಟ್ಟಡ ಕೆಡವಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಆಗ ಈ ದೇಶದ ಮರದ ಮನೆಗಳ ಗೋಡೆಯೊಳಗೆ ಮಳೆನೀರು ಇಳಿದು ಚೌಕಟ್ಟು ಕೊಳೆಯುವ ದೊಡ್ಡ ಗಲಾಟೆ ಎದ್ದಿತ್ತು. ಸಮಯ ನೋಡಿ ಉಕ್ಕಿನ ಚೌಕಟ್ಟು ಮಾರುವ ಸೇಲ್ಸ್‌ಮನ್ ಒಬ್ಬ ನಮ್ಮ ಆಫೀಸಿಗೆ ಮಧ್ಯಾಹ್ನದ ಊಟ ಹಿಡಿದುಕೊಂಡು ಬಂದ. ಗೋಡೆಯ ಮೇಲೆ ಹಸಿರೆಲೆಯ ಚಿತ್ರ ಹಾಕಿ, ಉಕ್ಕು ಕೊಳೆಯುವುದಿಲ್ಲ, ಅದಕ್ಕೆ ಮರ ಕಡಿಯಬೇಕಿಲ್ಲ, ಎಷ್ಟು ಸಲ ಬೇಕಾದರೂ ಕರಗಿಸಿ ಮತ್ತೆ ಬಳಸಬಹುದು ಎಂದ. ಎಲ್ಲವೂ ನಿಜ. ಮುಂದಿನ ವಾರ ಮರದ ಕಂಪನಿಯವನು ಬಂದ. ಮರ ಬೆಳೆಯುವಾಗ ಗಾಳಿಯಲ್ಲಿನ ಇಂಗಾಲ ಹೀರುತ್ತದೆ, ಉಕ್ಕಿನ ಕುಲುಮೆ ಅದನ್ನು ಉಗುಳುತ್ತದೆ ಎಂದ. ಅದೂ ನಿಜ. ಇಬ್ಬರದೂ ಒಂದೇ ಹಸಿರೆಲೆ. ಅದರ ತುದಿಯಲ್ಲಿ ಒಂದೇ ನೀರಹನಿ. ಉಕ್ಕಿನವನಿಗೆ, ನಿಮ್ಮ ಉಕ್ಕಿಗೆ ಉರಿದ ಕಲ್ಲಿದ್ದಲು ಎಷ್ಟು ಎಂದು ಕೇಳಿದೆ. ಮರದವನಿಗೆ, ಹುಳ ಹಿಡಿಯದಂತೆ ನೀವು ಹಾಕುವ ರಾಸಾಯನಿಕ ಕಟ್ಟಡ ಕೆಡವಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಇಬ್ಬರೂ ಇಮೇಲ್ ಮಾಡುತ್ತೇವೆ ಎಂದರು. ನಾನು ನಿವೃತ್ತಿಯಾಗುವ ದಿನವೂ ಇನ್‌ಬಾಕ್ಸ್ ಒಮ್ಮೆ ನೋಡಿಯೇ ಕಂಪ್ಯೂಟರ್ ಮುಚ್ಚಿದ್ದು.

ಹೊಸಬರು ಇಷ್ಟು ನೆನಪಿಟ್ಟುಕೊಳ್ಳಿ. ಎಲೆಯ ಚಿತ್ರ ಕಂಡ ಕೂಡಲೇ ಪೆನ್ನು ಕೆಳಗಿಟ್ಟು ಇನ್ನೊಂದು ಪ್ರಶ್ನೆ ಕೇಳಬೇಕು.

ದಶಕದ ನಡುವಿಗೆ ಬರುವಷ್ಟರಲ್ಲಿ ಗಾಳಿ ತಿರುಗಿತು. ಕಟ್ಟಡಗಳಿಗೆ ಹಸಿರು ಅಂಕ ಕೊಡುವ ಪದ್ಧತಿಗಳು ಶುರುವಾದವು. ಅಂಕವಿದ್ದ ಕಟ್ಟಡಕ್ಕೆ ಒಳ್ಳೆಯ ಬಾಡಿಗೆದಾರರು ಸಿಗುತ್ತಾರೆ ಎಂದು ಮಾತಾಯಿತು. ಗ್ರೇಮ್ ಕೂಡಲೇ ಒಬ್ಬ ಸಸ್ಟೇನೆಬಿಲಿಟಿ ಮ್ಯಾನೇಜರನನ್ನು ನೇಮಿಸಿದ. ಹೊರಗಿನಿಂದ ಯಾರನ್ನೂ ತರಲಿಲ್ಲ. ನಮ್ಮಲ್ಲೇ ಬ್ರೋಷರ್ ಮಾಡಿಕೊಂಡಿದ್ದ ನೈಜೆಲ್‌ನ ಬಾಗಿಲಿಗೆ ಹೊಸ ಬೋರ್ಡು ಹಾಕಿದರು, ಅಷ್ಟೆ. ನೈಜೆಲ್ ಹುರುಪಿನ ಮನುಷ್ಯ. ಆಫೀಸಿಗೆ ಸೈಕಲ್ಲಿನಲ್ಲಿ ಬರುತ್ತೇನೆ ಎನ್ನುತ್ತಿದ್ದ, ಸುಳ್ಳಲ್ಲ. ಇಲ್ಲಿ ಯೂಟ್ ಎನ್ನುವ ತನ್ನ ದೊಡ್ಡ ಪಿಕಪ್ ಗಾಡಿಯ ಹಿಂದೆ ಸೈಕಲ್ಲು ಹೇರಿಕೊಂಡು ರಸ್ತೆಯ ತಿರುವಿನ ತನಕ ಬಂದು, ಅಲ್ಲಿಂದ ಹೆಲ್ಮೆಟ್ ಹಾಕಿಕೊಂಡು ಬಾಗಿಲವರೆಗೆ ತುಳಿಯುತ್ತಿದ್ದ.

ಅವನ ಮೊದಲ ದೊಡ್ಡ ಬೇಟೆ, ಜನರಿಗೆ ಕಸ ಕಡಿಮೆ ಮಾಡಿ ಎಂದು ಬೋಧಿಸುವ ಒಂದು ಸಂಸ್ಥೆಯ ಮುಖ್ಯ ಕಚೇರಿ. ಲೋವರ್ ಹಟ್‌ನಲ್ಲೇ, ಒಂದು ಹಳೆಯ ಉಣ್ಣೆ ಗೋದಾಮು ಇದ್ದ ಜಾಗದಲ್ಲಿ ಅವರಿಗೆ ಅಪ್ಪಟ ಹಸಿರು ಕಟ್ಟಡ ಬೇಕಾಗಿತ್ತು. ನೈಜೆಲ್‌ನ ಯೋಜನೆ ಹೀಗಿತ್ತು: ಗೋದಾಮು ಕೆಡವಬೇಕು. ಅದರ ಉಕ್ಕನ್ನು ಗುಜರಿಗೆ ಹಾಕಬೇಕು. ಗುಜರಿಯವರು ಅದನ್ನು ಹಡಗಿನಲ್ಲಿ ಹೊರದೇಶಕ್ಕೆ ಕಳಿಸುತ್ತಾರೆ. ಅಲ್ಲಿ ಕರಗಿ ಹೊಸ ತೊಲೆಯಾದ ಉಕ್ಕನ್ನು ನಾವು ಇನ್ನೊಂದು ಹಡಗಿನಲ್ಲಿ ತರಿಸಬೇಕು. ಕರಗಿಸಿ ಮಾಡಿದ ಉಕ್ಕು ಎಂಬ ಪ್ರಮಾಣಪತ್ರ ಜೊತೆಗೆ ಬರುತ್ತದೆ. ಅದಕ್ಕೆ ಅಂಕ.

ಇಷ್ಟಕ್ಕೇ ನಿಲ್ಲಲಿಲ್ಲ. ಕಟ್ಟಡದ ಸಾಮಾನಿನಲ್ಲಿ ಅಂಥ ಉಕ್ಕಿನ ಪಾಲು ಹೆಚ್ಚಿದಷ್ಟೂ ಅಂಕ ಹೆಚ್ಚು ಎಂದು ಅವನು ನಿಯಮ ಓದಿಕೊಂಡಿದ್ದ. ನನ್ನ ಮೇಜಿಗೆ ಬಂದು, ತೊಲೆಗಳನ್ನೆಲ್ಲ ಒಂದೊಂದು ಸೈಜು ದೊಡ್ಡದು ಮಾಡಲು ಆಗುತ್ತದೆಯೇ ಎಂದು ಕೇಳಿದ. ಬೇಕಿಲ್ಲದ ಉಕ್ಕು ಯಾಕೆ ಎಂದೆ. ಪರಿಸರಕ್ಕೆ ಎಂದ. ಹಾಗಾದರೆ ಒಳಗೆ ಕೋಣೆಗಳೇ ಬೇಡ, ಇಡೀ ಕಟ್ಟಡವನ್ನು ಗಟ್ಟಿ ಉಕ್ಕಿನ ಇಟ್ಟಿಗೆಯ ಹಾಗೆ ಎರಕ ಹೊಯ್ದುಬಿಡೋಣ, ಪೂರ್ತಿ ಅಂಕ ಸಿಗುತ್ತದೆ ಎಂದೆ. ಅವನು ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದು, ಮುಂಬಾಗಿಲಿನ ಕಂಬಗಳನ್ನಾದರೂ ಗಟ್ಟಿ ಉಕ್ಕಿನದು ಮಾಡಬಹುದೇ ಎಂದು ವಿಚಾರಿಸಿದ.

ಇದರ ಮೇಲೆ ಆರ್ಕಿಟೆಕ್ಟ್ ಚಾವಣಿಯಲ್ಲಿ ಹುಲ್ಲು ಬೆಳೆಸುವ ಆಸೆ ಪಟ್ಟ. ಹುಲ್ಲಿಗೆ ಮಣ್ಣು ಬೇಕು, ಮಣ್ಣಿಗೆ ನೀರು ಬೇಕು, ನೆನೆದ ಮಣ್ಣು ಹೊರಲು ಇನ್ನಷ್ಟು ಉಕ್ಕು ಬೇಕು. ಹುಲ್ಲಿನ ಕೆಳಗೆ ಕೊಡಬೇಕಾದ ದಪ್ಪ ತೊಲೆಗಳನ್ನು ನಾನು ಚಿತ್ರ ಬರೆದು ತೋರಿಸಿದೆ. ಆರ್ಕಿಟೆಕ್ಟ್‌ನ ಮುಖ ಇಳಿಯಿತು. ನೈಜೆಲ್‌ನ ಮುಖ ಅರಳಿತು. ಅವನಿಗೆ ಬೇಕಾಗಿದ್ದುದು ಅದೇ.

ಗೋದಾಮನ್ನು ಕೆಡವುವ ಮೊದಲು ಒಳಗೆ ಹೋಗಿ ನೋಡಿ ಬರಲು ನನ್ನನ್ನು ಕಳಿಸಿದರು. ಅದು ಕೆಡವುವವರ ಸುರಕ್ಷತೆಗಾಗಿ ಮಾಡುವ ಮಾಮೂಲು ತಪಾಸಣೆ. ಒಳಗೆ ಕಾಲಿಟ್ಟವಳು ಮೇಲೆ ನೋಡಿ ಅಲ್ಲೇ ನಿಂತೆ. ಕೋನಪಟ್ಟಿಗಳನ್ನು ರಿವೆಟ್ ಹೊಡೆದು ಜೋಡಿಸಿದ ಉದ್ದುದ್ದ ಟ್ರಸ್‌ಗಳು, ಅಂದರೆ ಉಕ್ಕಿನ ತ್ರಿಕೋನ ಚೌಕಟ್ಟುಗಳು, ಗೋಡೆಯಿಂದ ಗೋಡೆಗೆ ಮಾಡನ್ನು ಹೊತ್ತು ನಿಂತಿದ್ದವು. ಏಣಿ ಹಾಕಿಸಿ ಹತ್ತಿದೆ. ಬಣ್ಣ ಕೆರೆದರೆ ಕೆಳಗೆ ಉಕ್ಕು ಹೊಸದರ ಹಾಗೆ ಮಿಂಚಿತು. ಕಾರಣ ಕಷ್ಟದ್ದಲ್ಲ. ನೆನೆದರೆ ಉಣ್ಣೆ ಹಾಳು. ಆದ್ದರಿಂದ ಅದರ ಮಾಲೀಕರು ಮಾಡಿನಿಂದ ಒಂದು ಹನಿಯೂ ಇಳಿಯದಂತೆ ನೋಡಿಕೊಂಡಿದ್ದರು. ಉಣ್ಣೆಯ ಪುಣ್ಯದಿಂದ ಉಕ್ಕೂ ಒಣಗಿಯೇ ಇತ್ತು.

ಈ ಟ್ರಸ್‌ಗಳನ್ನು ಇದ್ದಲ್ಲೇ ಉಳಿಸಿಕೊಂಡು ಅದರ ಕೆಳಗೇ ಕಚೇರಿ ಮಾಡಬಹುದು ಎಂದು ನಾನು ಮೀಟಿಂಗಿನಲ್ಲಿ ಹೇಳಿದೆ. ಸಂಸ್ಥೆಯ ಪರವಾಗಿ ಅಂದು ಬಂದಿದ್ದವರು ಅವರ ಆಸ್ತಿಪಾಸ್ತಿ ನೋಡಿಕೊಳ್ಳುವ ಹೆದರ್ ಎಂಬ ಹೆಂಗಸು. ಹೆಸರು ಹೆದರ್, ಯಾರಿಗೂ ಹೆದರಿದ್ದನ್ನು ನಾನು ಕಾಣೆ. ಆಕೆ ನನ್ನ ಮಾತನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ನೈಜೆಲ್ ಮಾತ್ರ ಗಾಬರಿಯಾದ. ಕರಗಿಸಿದ ಉಕ್ಕಿಗೆ ಅಂಕ ಇದೆ, ಹಾಗೇ ಉಳಿಸಿಕೊಂಡ ಉಕ್ಕಿಗೆ ಅಂಕ ತೀರಾ ಕಡಿಮೆ, ಅದನ್ನು ರುಜುವಾತು ಮಾಡುವುದೂ ಕಷ್ಟ ಎಂದ. ಕರಗಿಸುವ ಬೆಂಕಿ, ಎರಡು ಹಡಗಿನ ಪ್ರಯಾಣ ಯಾರ ಲೆಕ್ಕಕ್ಕೆ ಎಂದು ಕೇಳಿದೆ. ಅದು ನಮ್ಮ ಕಟ್ಟಡದ ಗಡಿಯ ಹೊರಗೆ ಆಗುವುದು ಎಂದ. ಗಾಳಿಗೆ ಗಡಿ ಗೊತ್ತಿಲ್ಲವಲ್ಲ ನೈಜೆಲ್, ಎಂದೆ.

ಗ್ರೇಮ್‌ನ ಹೆದರಿಕೆ ಬೇರೆ ಇತ್ತು, ಅದನ್ನು ನಾನು ಗೇಲಿ ಮಾಡುವುದಿಲ್ಲ. ಆ ಉಕ್ಕು ಯಾರು ಮಾಡಿದ್ದು, ಯಾವ ಗುಣದ್ದು ಎಂಬುದಕ್ಕೆ ಯಾವ ಕಾಗದವೂ ಇರಲಿಲ್ಲ. ಭೂಕಂಪದ ಊರು. ಹಳೆಯ ಉಕ್ಕು ಬಾಗದೆ ಫಟ್ ಎಂದು ಮುರಿಯುವ ಜಾತಿಯದಾದರೆ ಕೆಳಗೆ ಕೂತವರ ಗತಿ? ಪರೀಕ್ಷೆ ಮಾಡಿಸೋಣ, ಅದಕ್ಕೇ ಲ್ಯಾಬುಗಳಿವೆ ಎಂದೆ. ಆದರೆ ನನ್ನ ನಂತರ ನೈಜೆಲ್ ಮಾತಾಡಿ, ಕೊನೆಯ ಮಾತು ಅವನದೇ ಆಯಿತು.

ಮೀಟಿಂಗಿನ ಮಾರನೆಯ ವಾರ ತೊಲೆಗಳನ್ನು ದಪ್ಪ ಮಾಡಿದ ನಕ್ಷೆ ನನ್ನ ಸಹಿಗೆ ಬಂತು. ಇಷ್ಟು ಉಕ್ಕು ಬೇಕೇ ಬೇಕು ಎಂದು ಎಂಜಿನಿಯರ್ ಹೇಳಿದ ಹಾಗೆ ಅದರಲ್ಲಿ ಬರೆದಿತ್ತು. ನಾನು ಹಾಗೆ ಹೇಳಿಲ್ಲ ಎಂದು ವಾಪಸು ಕಳಿಸಿದೆ. ಗ್ರೇಮ್ ಬಂದು, ಜಗಳ ಯಾಕೆ, ಒಂದು ಸಹಿ ತಾನೆ ಎಂದ. ಅದು ನನ್ನ ಹೆಸರು ತಾನೆ ಎಂದೆ. ತೀರ್ಮಾನ ಮಾಡುವಾಗಿನ ಅಭ್ಯಾಸದಂತೆ ಅವನು ಕಿಟಕಿಯ ಕಡೆ ತಿರುಗಿದ. ಆಮೇಲೆ ನನಗೆ ಬೇರೆ ಕೆಲಸ ಕೊಟ್ಟ. ಪೆಟ್ರೋಲ್ ಬಂಕುಗಳ ಚಾವಣಿ. ಪರಿಸರದ ವಿಷಯದಲ್ಲಿ ಅತಿಯಾಗಿ ಮಾತಾಡಿದ್ದಕ್ಕೆ ಪೆಟ್ರೋಲ್ ಬಂಕಿಗೆ ಹಾಕಿಸಿಕೊಂಡವರು ನನ್ನ ಹೊರತು ಇನ್ಯಾರಾದರೂ ಇದ್ದರೆ ಅವರ ಪರಿಚಯ ಮಾಡಿಕೊಳ್ಳುವ ಆಸೆ ಇದೆ.

ಮನೆಗೆ ಬಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ನಮ್ಮವರು ಮಕ್ಕಳ ಉತ್ತರಪತ್ರಿಕೆ ತಿದ್ದುವುದನ್ನು ಬಿಟ್ಟು ಎದ್ದು ಬಂದರು.

"ನೀ ತಪ್ಪು ತಿಳಕೊಂಡಿ," ಎಂದರು. "ಅವ್ರಿಗೆ ನಿನ್ನ ಅಭಿಪ್ರಾಯ ಬೇಕಾಗಿರಲಿಲ್ಲ. ಸಹಿ ಬೇಕಾಗಿತ್ತು. ಅದನ್ನ ಕೊಡಲಿಲ್ಲಲ್ಲ, ಸಾಕು ಬಿಡು."

"ಆ ಟ್ರಸ್ ನೋಡಿದ್ರ ನಿಮಗೂ ಹೊಟ್ಟಿ ಉರೀತಿತ್ತು ರೀ. ಅಂಥಾದ್ದನ್ನ ಕತ್ತರಿಸಿ ಹಡಗಿಗೆ ಹಾಕತಾರಂತ."

ಅವರು ಗೂಟದಿಂದ ಬಟ್ಟೆ ತೆಗೆದುಕೊಂಡರು. ಪಾತ್ರೆ ಒರೆಸಲು ನಿಂತರು.

ಮುಂದೆ ನಡೆದದ್ದಕ್ಕೆ ನನ್ನ ವಾದ ಕಾರಣವಲ್ಲ, ಯಾರ ಪರಿಸರ ಪ್ರೀತಿಯೂ ಕಾರಣವಲ್ಲ. ಜಗತ್ತಿನಲ್ಲೆಲ್ಲ ಉಕ್ಕಿನ ಬೆಲೆ ಏರಲು ಶುರುವಾಯಿತು. ನೈಜೆಲ್‌ನ ದಪ್ಪ ತೊಲೆಗಳಿಗೆ ಹೊಸ ದರ ಬಂದಾಗ ಹೆದರ್ ಕೇಳಿದ್ದು ಒಂದೇ ಮಾತಂತೆ: ಹಳೆಯ ಉಕ್ಕು ಚೆನ್ನಾಗಿದೆ ಅಂದ ಆ ಹೆಂಗಸು ಎಲ್ಲಿ? ಗ್ರೇಮ್ ಪೆಟ್ರೋಲ್ ಬಂಕಿಗೆ ಫೋನು ಮಾಡಿ ನನ್ನನ್ನು ಕರೆಸಿದ.

ಹೆದರ್ ಹೆಲ್ಮೆಟ್ ಹಾಕಿಕೊಂಡು ನನ್ನ ಜೊತೆ ಗೋದಾಮಿಗೆ ಬಂದರು. ನಾನು ತೋರಿಸಿದ್ದನ್ನೆಲ್ಲ ನೋಡಿ, ಕೊನೆಗೆ ಕೇಳಿದರು: "ಇದರ ಕೆಳಗೆ ನೀವು ನಿಮ್ಮ ಮೇಜು ಹಾಕಿಕೊಂಡು ಕೂರ್ತೀರಾ?"

"ಪರೀಕ್ಷೆ ಆದ ಮೇಲೆ ಕೂರ್ತೀನಿ. ಇವತ್ತು ಕೂರೋದಿಲ್ಲ."

"ಸರಿ, ಪರೀಕ್ಷೆ ಮಾಡಿಸಿ," ಎಂದರು. ಇಷ್ಟು ಚಿಕ್ಕ ಮೀಟಿಂಗು ನನ್ನ ವೃತ್ತಿಯಲ್ಲಿ ಇನ್ನೊಂದು ನಡೆದಿಲ್ಲ.

ಹೆಚ್ಚು ಭಾರ ಬೀಳದ ಜಾಗಗಳಲ್ಲಿ ಸಣ್ಣ ಸಣ್ಣ ತುಂಡು ಕತ್ತರಿಸಿ ಲ್ಯಾಬಿಗೆ ಕಳಿಸಿದೆವು. ಅವರು ಅದನ್ನು ಯಂತ್ರಕ್ಕೆ ಕಚ್ಚಿಸಿ ಹರಿಯುವ ತನಕ ಎಳೆಯುತ್ತಾರೆ. ಒಳ್ಳೆಯ ಉಕ್ಕು ಹರಿಯುವ ಮೊದಲು ಉದ್ದವಾಗುತ್ತದೆ, ನಡು ಸಣ್ಣಗಾಗುತ್ತದೆ. ಕೆಟ್ಟದ್ದು ಮುನ್ಸೂಚನೆ ಕೊಡದೆ ತುಂಡಾಗುತ್ತದೆ. ಮೊದಲ ತುಂಡು ಎಳೆಯುವಾಗ ನಾನೇ ಹೋಗಿ ಗಾಜಿನ ಹೊರಗೆ ನಿಂತಿದ್ದೆ. ಅದು ಹಿಟ್ಟಿನ ಕಣಕದ ಹಾಗೆ ನಿಧಾನಕ್ಕೆ ನೀಳವಾಗುತ್ತ ಹೋಯಿತು. ಸತ್ಯ ಹೇಳಬೇಕೆಂದರೆ ಎಲ್ಲವೂ ಪಾಸಾಗಲಿಲ್ಲ. ಲಾರಿ ಬಡಿದು ಬಾಗಿದ್ದ ಬಾಗಿಲ ಬಳಿಯ ಟ್ರಸ್ ಕೆಲಸಕ್ಕೆ ಬರಲಿಲ್ಲ. ಭೂಕಂಪದ ಅಡ್ಡ ಹೊಡೆತಕ್ಕೆ ಗೋಡೆಗಳ ನಡುವೆ ಹೊಸ ಉಕ್ಕನ್ನೂ ಕೊಡಬೇಕಾಯಿತು. ಚಾವಣಿಯ ಹುಲ್ಲು ಬಿಟ್ಟುಹೋಯಿತು. ಆರ್ಕಿಟೆಕ್ಟ್ ಒಂದು ವಾರ ನನ್ನೊಡನೆ ಮಾತು ಬಿಟ್ಟ. ಉಳಿದ ಟ್ರಸ್‌ಗಳೆಲ್ಲ ಇದ್ದಲ್ಲೇ ಉಳಿದವು. ಆ ನಕ್ಷೆಗೆ ಸಹಿ ಮಾಡುವಾಗ ಯಾರೂ ನನ್ನನ್ನು ಒತ್ತಾಯಿಸಬೇಕಾಗಲಿಲ್ಲ.

ಉದ್ಘಾಟನೆಗೆ ದೊಡ್ಡವರೆಲ್ಲ ಬಂದಿದ್ದರು. ಭಾಷಣ ನೈಜೆಲ್‌ನದು. ಗೋದಾಮಿನೊಳಗೆ ಮೊದಲ ಸಲ ಕಾಲಿಟ್ಟಾಗಲೇ ಈ ಟ್ರಸ್‌ಗಳು ತನ್ನೊಡನೆ ಮಾತಾಡಿದವು ಎಂದ. ಅವು ಮಾತಾಡಿದ್ದರೆ ಅವನಿಗೆ ಏನು ಹೇಳುತ್ತಿದ್ದವು ಎಂದು ನಾನು ಹಿಂದಿನ ಸಾಲಿನಲ್ಲಿ ಕೂತು ಯೋಚಿಸುತ್ತಿದ್ದೆ. ಇರುವುದನ್ನು ಉಳಿಸಿಕೊಳ್ಳುವುದೇ ನಿಜವಾದ ಸುಸ್ಥಿರತೆ ಎಂಬುದು ತನಗೆ ಮೊದಲಿನಿಂದಲೂ ಇದ್ದ ನಂಬಿಕೆ ಎಂದ. ನನ್ನ ಹೆಸರು ಬರಲಿಲ್ಲ. ತಂಡ ಎಂಬ ಮಾತು ಬಂತು, ಅದು ನಾನೇ ಇರಬೇಕು. ನಮ್ಮವರು ಮಾತ್ರ ಭಾಷಣದುದ್ದಕ್ಕೂ ಕತ್ತೆತ್ತಿ ಮಾಡನ್ನೇ ನೋಡುತ್ತಿದ್ದರು. "ಖರೇನ ಚಂದ ಅದಾವು," ಎಂದು ನನ್ನ ಕಿವಿಯಲ್ಲಿ ಹೇಳಿದರು. ನನಗೆ ಅಷ್ಟು ಸಾಕಾಯಿತು. ಪೂರ್ತಿ ಸಾಕಾಯಿತು ಎಂದರೆ ಸುಳ್ಳಾಗುತ್ತದೆ. ಬಹುಮಟ್ಟಿಗೆ ಸಾಕಾಯಿತು.

ಆ ಕಟ್ಟಡಕ್ಕೆ ಹೆಸರು ಬಂತು. ಹಳೆಯ ಉಕ್ಕು ಎಂದರೆ ಈಗ ಫ್ಯಾಷನ್. ಸ್ವಲ್ಪ ಕಾಲದ ನಂತರ ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಿಂದ ಒಬ್ಬ ಗಿರಾಕಿ ಬಂದ. ಅವನದು ಹಳೆಯ ಗೊಬ್ಬರ ಗೋದಾಮು. ಅದರ ಉಕ್ಕನ್ನು ಉಳಿಸಿಕೊಂಡು ಮಕ್ಕಳ ಆಟದ ಒಳಾಂಗಣ ಮಾಡಬೇಕು, ಲೋವರ್ ಹಟ್‌ನಲ್ಲಿ ಮಾಡಿದ ಹಾಗೆ. ನೈಜೆಲ್ ನೋಡುವ ಮೊದಲೇ ಆಗುತ್ತದೆ ಎಂದು ಮಾತು ಕೊಟ್ಟಿದ್ದ. ಬ್ರೋಷರ್ ಕೂಡ ಅಚ್ಚಾಗಿತ್ತು.

ನಾವಿಬ್ಬರೂ ವಿಮಾನದಲ್ಲಿ ಹೋದೆವು. ಗೋದಾಮಿನಲ್ಲಿ ಮೇಲ್ನೋಟಕ್ಕೆ ಎಲ್ಲ ಸರಿಯಾಗಿತ್ತು. ನಾನು ಕಂಬಗಳ ಬುಡಕ್ಕೆ ಕೂತು, ಗಟ್ಟಿಯಾಗಿ ಕೂತಿದ್ದ ಗೊಬ್ಬರದ ಪುಡಿಯನ್ನು ಕೆರೆಯತೊಡಗಿದೆ. ರಾಸಾಯನಿಕ ಗೊಬ್ಬರ ತೇವ ಹೀರುತ್ತದೆ, ಹುಳಿಯಾಗುತ್ತದೆ, ಉಕ್ಕನ್ನು ಒಳಗೊಳಗೇ ತಿನ್ನುತ್ತದೆ. ಮೂಲೆಯ ಕಂಬಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಸುತ್ತಿಗೆಯ ಮೂತಿ ಒಳಗೆ ಹೋಯಿತು. ಪಕ್ಕದ್ದು, ಅದರಾಚೆಯದು, ಎಲ್ಲವೂ ಹಾಗೇ. ಅಷ್ಟು ದೊಡ್ಡ ಮಾಡು ಬಣ್ಣದ ಮೇಲೆ ನಿಂತಿತ್ತು ಎಂದರೂ ಆಗುತ್ತದೆ.

ಇದನ್ನೆಲ್ಲ ಗುಜರಿಗೆ ಹಾಕಬೇಕು, ಕರಗಿಸಬೇಕು, ಹೊಸ ಉಕ್ಕು ತರಿಸಬೇಕು ಎಂದೆ. ನೈಜೆಲ್ ನನ್ನನ್ನು ಧರ್ಮಭ್ರಷ್ಟಳನ್ನು ನೋಡಿದ ಹಾಗೆ ನೋಡಿದ.

"ಹಳೆಯದನ್ನು ಉಳಿಸಬೇಕು ಅಂದವಳು ನೀನೇ ಅಲ್ವಾ ಜಿಜಿ?"

"ನಾನು ಹಾಗೆ ಅನ್ನಲಿಲ್ಲ. ಏಣಿ ಹತ್ತಿ ನೋಡಿ ಅಂದೆ. ಅಲ್ಲಿ ಹತ್ತಿ ನೋಡಿದೆ, ಇಲ್ಲಿ ಕೂತು ನೋಡಿದೆ. ಇದರ ಕೆಳಗೆ ಮಕ್ಕಳು ಆಡೋದಿಲ್ಲ."

ಬುಡಕ್ಕೆ ತೇಪೆ ಹಾಕಲು ಬರುತ್ತದೆಯೇ, ಒಳ್ಳೆಯ ಬಣ್ಣ ಬಳಿದರೆ ಹೇಗೆ, ಅರ್ಧ ಉಳಿಸಿದರೂ ಅಂಕ ಬರುತ್ತದಲ್ಲ ಎಂದೆಲ್ಲ ಅವನು ವಿಮಾನ ನಿಲ್ದಾಣದವರೆಗೂ ಕೇಳುತ್ತಲೇ ಬಂದ. ಆಫೀಸಿನಲ್ಲಿ ಮೀಟಿಂಗು ಕರೆದರು. ಈ ಸಲ ನಾನು ಬೇರೆಯವರೆಲ್ಲ ಸುಸ್ತಾಗುವ ತನಕ ಸುಮ್ಮನೆ ಕೂತೆ. ಗ್ರೇಮ್ ಕಿಟಕಿಯ ಕಡೆ ತಿರುಗುವುದನ್ನೇ ಕಾದು, ಮಕ್ಕಳು ಎಂಬ ಒಂದೇ ಮಾತು ಹೇಳಿ ನಿಲ್ಲಿಸಿದೆ. ಗೋದಾಮು ಕೆಡವಲು ತೀರ್ಮಾನವಾಯಿತು. ಹೊಸ ಕಟ್ಟಡಕ್ಕೆ ಹೊಸ ಉಕ್ಕು ಬಂತು. ಬೇಕಾದಷ್ಟೇ, ಒಂದು ಸೈಜೂ ಹೆಚ್ಚಿಲ್ಲದೆ.

ಗುಜರಿ ಲಾರಿಗೆ ಕಂಬಗಳನ್ನು ಹೇರುವ ದಿನ ನೈಜೆಲ್ ಹಾರ್ನ್‌ಬಿಗೆ ಮತ್ತೆ ಹೋಗಿದ್ದನಂತೆ. ಪರಂಪರೆಯ ನೆನಪಿಗೆ ಒಂದು ತುಂಡಾದರೂ ಬೇಕು ಎಂದು ಕೇಳಿ, ಆ ಮೂಲೆಯ ಕಂಬದ ಬುಡವನ್ನೇ ಕತ್ತರಿಸಿಕೊಂಡು ತಂದ. ಅದಕ್ಕೆ ಕಪ್ಪು ಪಾಲಿಶು ಹಾಕಿಸಿ, ಮೇಲೆ ಒಂದು ಜರೀಗಿಡದ ಕುಂಡ ಇಟ್ಟು, ನಮ್ಮ ಆಫೀಸಿನ ಮುಂಬಾಗಿಲಲ್ಲಿ ನಿಲ್ಲಿಸಿದರು. ಉಕ್ಕು ಎಂದೆಂದಿಗೂ ಎಂದು ಹಿತ್ತಾಳೆಯ ಫಲಕವೊಂದನ್ನೂ ಹೊಡೆದರು. ಬಂದ ಗಿರಾಕಿಗಳೆಲ್ಲ ಅದನ್ನು ಮುಟ್ಟಿ ನೋಡಿ ಮೆಚ್ಚುತ್ತಿದ್ದರು. ನನ್ನ ಸುತ್ತಿಗೆ ಹೋದ ತೂತನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದರು.